ಬಡಕಲು ಅನ್ನೂ ಮಾತು

ನಾ ಇಲ್ಲಿ ನೆಲಾ ಒರಸಾಕಿ.
ಆದ್ರ ಕನ್ನಡದ ಪೇಷಂಟ್ ಬಂದ್ರ
ಬಾಂಬೋಳಿ ದವಾಖಾನಿ ತುಂಬ ಒಂದ ಕೂಗು:
"ಫಕೀರವ್ವಾ, ಹಾಂಗಾ ಯೋ!"
ಬಕೀಟು ಗ್ವಾಡಿಗೆ ಸರಿಸಿ, ಕೈ ಸೆರಗಿಗೆ ಒರಸಿ
ಹೋಗತೀನಿ. ಪಗಾರ ಮಾತ್ರ ನೆಲದ್ದ.

ಇವತ್ತಿನಾಂವ ಯಮನೂರಪ್ಪ, ನವಲಗುಂದದ ಕಡೆಯಾಂವ.
ವಾಸ್ಕೋ ಬಂದರದಾಗ ಮೂವತ್ತೊಂದು ವರ್ಷ ಮೂಟಿ ಹೊತ್ತಾನ.
ಹೆಸರು ಕೂಗೂ ಮುಂದ ನರ್ಸಬಾಯಿ "ಯಮ" ಅಂದು ನಿಂತಳು.
ದವಾಖಾನ್ಯಾಗ ಹಂಗ ಕರೀಬಾರದಂತ
"ನೂರಪ್ಪಾ" ಅಂದಳು. ಅಂವ ಏಳಲಿಲ್ಲ.

ಉಚ್ಚಿ ಚೀಲದಾಗ ಗಂಟು, ಚೀಲಾನ ತಗೀಬೇಕು.
ಅದು ಅಂವಗ ಗೊತ್ತೈತಿ. ಆವತ್ತ ನಾನ ಹೇಳೀನಿ,
ಹೇಳಿ, ಬಚ್ಚಲಕ್ಕ ಹೋಗಿ ನಳ ಬಿಟ್ಟು ನಿಂತೀನಿ.
ಇವತ್ತಿಂದು ಬ್ಯಾರೆ. ಕೊಯ್ಯೂಕಿಂತ ಮೊದಲ
ಮೈಯಾಗ ಎಷ್ಟು ಕಸುವು ಉಳದೈತಿ, ಅದರ ಲೆಕ್ಕ.

ಕುಂಕಳಕಾರ ಡಾಕ್ಟರು, ಸಣ್ಣ ಹುಡುಗಿ, ಕಾಗದ ಓದತಾಳ:
ಐದು ಕಿಲೋ ಎತ್ತಿ ಒಯ್ಯಾಕ ತ್ರಾಸ ಆಗತೈತೇನು?
ಹೇಳಿದೆ. ಅಂವ ನನ್ನ ಮಾರಿ ನೋಡಿದ,
ನಾ ಏನರ ತಪ್ಪು ಕೇಳಿಸ್ಕೊಂಡೀನಿ ಅನ್ನೂಹಂಗ.
"ಐವತ್ತಾ?"
ಅಲ್ಲಣ್ಣಾ, ಐದು.
ಭಾಳ ಹೊತ್ತು ಮಾತಾಡಲಿಲ್ಲ.
"ಆಗತೈತಿ" ಅಂದ. ಖಿಡಕಿಗೆ ಹೇಳಿದ, ನಮಗಲ್ಲ.

ಕಬ್ಬಿಣದ ಹಿಡಿ ಕೊಟ್ರು, ಹಿಚುಕು ಅಂತ.
ಮುಳ್ಳು ಹತ್ತೊಂಬತ್ತಕ್ಕ ಹೋಗಿ ನಡಗಿತು.
ಗಂಡಸಿಗೆ ಇಪ್ಪತ್ತೆಂಟರ ಇರಬೇಕಂತ.
ಇನ್ನೊಮ್ಮೆ. ಹದಿನೆಂಟು.
ಸ್ಕ್ಯಾನಿನಾಗ ನಡುವಿನ ಮೂರನೇ ಮಣಿ ಹತ್ರ
ಡಾಕ್ಟರು ಬೆರಳಿಟ್ಟು ತೋರಿಸಿದಳು:
ಇದು ಮಾಂಸ, ಇದು ಮಾಂಸ ಇರಬೇಕಾದ ಜಾಗ.
ಹತ್ತಿ ಬಿಡಿಸಿದ ಮ್ಯಾಲ ಗಿಡದಾಗ ಉಳೀತಾವಲ್ಲ
ಕಾಯಿಸಿಪ್ಪಿ, ನನಗ ಅದು ಕಂಡಿತು.

ಆಮ್ಯಾಲ ಕುರ್ಚಿ. ಎದಿಮ್ಯಾಗ ಕೈ ಕಟಗೊಂಡು
ಐದು ಸಲ ಏಳಬೇಕು, ಕುಂದರಬೇಕು, ಗಡಿಯಾರ ನೋಡತಾರ.
ಅಂವ ಒಲ್ಲೆ ಅಂದ.
"ಕೈ ಕಟ್ಟಿ ನಿಲ್ಲೂದು ಬ್ಯಾಡಾಗೇ ಊರು ಬಿಟ್ಟೀನಿ, ತಂಗಿ."
ಇದನ್ನ ಕೊಂಕಣಿಯಾಗ ಹ್ಯಾಂಗ ಹೇಳ್ಲಿ?
"ಅವರಿಗೆ ಕುರ್ಚಿ ರೂಢಿ ಇಲ್ಲ" ಅಂದೆ. ಅದೂ ಖರೇನ.
ಕಡೀಕ ಮಾಡಿದ. ನಾಕನೇದಕ್ಕ ಮೊಣಕಾಲು ಹಿಡಕೊಂಡ.

ಡಾಕ್ಟರು ಬರಕೋತ ಒಂದು ಇಂಗ್ಲಿಷ್ ಮಾತಂದಳು,
ಫ್ರೇಲ್. ಹೇಳು ಅವರಿಗೆ.
ನನ್ನ ಬಾಯಿಗೆ ಬಂದದ್ದು: ಬಡಕಲು.
ನಾಲಿಗಿ ತುದೀಗೆ ತಡದೆ.
ಬಡವ, ಬಡಪಾಯಿ, ಬಡಕಲು. ನಮ್ಮ ಮಾತಿನಾಗ
ರೊಕ್ಕ ಇಲ್ಲದ್ದಕ್ಕೂ ಮಾಂಸ ಇಲ್ಲದ್ದಕ್ಕೂ ಒಂದ ಬೇರು.
ಒಂದನ್ನ ಓಡಸಾಕ ಇನ್ನೊಂದನ್ನ ತಂದಾಂವಗ
ಎರಡೂ ಉಳದಾವು ಅಂತ ಹ್ಯಾಂಗ ಹೇಳ್ಲಿ?
ನಿತ್ರಾಣ? ಅದು ಜ್ವರ ಬಂದವರಿಗೆ.
"ಸೊರಗೀಯಣ್ಣಾ" ಅಂದೆ. ಸೊರಗೂದು ಗಿಡಾ,
ನೀರು ಹಾಕಿದ್ರ ಏಳತೈತಿ.

ಅದಕ್ಕ ನಾಕು ವಾರ ಮುಂದ ಹಾಕ್ಯಾರ.
ದಿನಾ ಎರಡು ತತ್ತಿ, ಶೇಂಗಾ, ನೆನಸಿದ ಹೆಸರಕಾಳು,
ಬೈನಾ ದಂಡಿಗುಂಟ ಅರ್ಧ ತಾಸು ನಡಿಗಿ,
ಕುರ್ಚಿಯಿಂದ ಹತ್ತ್ಹತ್ತು ಸಲ ಏಳೂದು.
"ಅಲ್ಲೀತನಕ ಗಂಟು ಸುಮ್ಮನ ಕಾಯತೈತೇನು?"
ಅದನ್ನೂ ಕೇಳಿದೆ. "ಇಷ್ಟು ಕಾಯತೈತಿ" ಅಂದಳು,
ಅನ್ನೂ ಮುಂದ ಪೆನ್ನಿನ ಟೊಪಿಗಿ ಎರಡು ಸಲ ತಗದು ಹಾಕಿದಳು.
ಅದನ್ನ ನಾ ಅಂವಗ ದಾಟಿಸಲಿಲ್ಲ.

ಬಾಗಲದಾಗ ನಿಂತು ಅಂದ: "ಮನ್ಯಾಗ ಕುರ್ಚಿ ಇಲ್ಲ."
ಸ್ಟೋರಿನಾಗ ಒಂದಿತ್ತು, ಪ್ಲಾಸ್ಟಿಕಿಂದು, ಎರಡೂ ಕೈ ಮುರದದ್ದು.
ಇರಲಿ, ಹ್ಯಾಂಗೂ ಕೈ ಊರೂಹಂಗಿಲ್ಲ.
ಟವೆಲ್ ಸುತ್ತಿ ಸಿಂಬಿ ಮಾಡಿದ. ಯಾರೂ ಹೇಳದ ಮಾಡಿದ.
ಕುರ್ಚಿ ತಲಿಮ್ಯಾಗ ಇಟಗೊಂಡಾಗ
ಕುತಿಗಿ ನೆಟ್ಟಗಾತು, ಹಳೇ ಕುತಿಗಿ.
ಎರಡೂವರಿ ಕಿಲೋ ಇದ್ದೀತು. ನಾ ತೂಗಲಿಲ್ಲ.
ಒರಸಿದ ನೆಲ ಇನ್ನೂ ಹಸಿ ಇತ್ತು.
"ಸಾವಕಾಶ" ಅಂದೆ ನಾನು, "ಸಾವಕಾಸ" ಅಂದಳು ನರ್ಸಬಾಯಿ.
ಅಂವ ಇಬ್ಬರಿಗೂ ಸೇರಿ ಒಂದ ಹೂಂ ಅಂದ.